ಬಾಡಿಗೆ ಮುಂಗಡ ಹಣ

ಬಾಡಿಗೆ ಮುಂಗಡ ಹಣ ಎಂದರೆ ಮನೆ ಅಥವಾ ಮಳಿಗೆಯನ್ನು ಬಾಡಿಗೆಗೆ ಪಡೆಯುವಾಗ ಬಾಡಿಗೆದಾರರು ಮಾಲೀಕರಲ್ಲಿ ಭದ್ರತೆಗಾಗಿ ಇರಿಸುವ ಮೊತ್ತ. ಮನೆಯನ್ನು ತೆರವು ಮಾಡಿದಾಗ ಬಾಕಿ ಮತ್ತು ಹಾನಿಯ ವೆಚ್ಚವನ್ನು ಕಳೆದು ಈ ಹಣವನ್ನು ಹಿಂದಿರುಗಿಸಬೇಕಾಗುತ್ತದೆ. ಕರ್ನಾಟಕದಲ್ಲಿ ಇದನ್ನು ಆಡುಮಾತಿನಲ್ಲಿ ಅಡ್ವಾನ್ಸ್ ಎಂದೂ ಕರಾರುಪತ್ರಗಳಲ್ಲಿ ಭದ್ರತಾ ಠೇವಣಿ ಎಂದೂ ಕರೆಯಲಾಗುತ್ತದೆ. ಮನೆ ಖಾಲಿ ಮಾಡಿದ ನಂತರ ಎಷ್ಟು ಹಣ ಹಿಂದಿರುಗಬೇಕು, ಯಾವಾಗ ಹಿಂದಿರುಗಬೇಕು ಎಂಬುದು ಮಾಲೀಕರು ಮತ್ತು ಬಾಡಿಗೆದಾರರ ನಡುವೆ ಉಂಟಾಗುವ ಸಾಮಾನ್ಯ ವಿವಾದಗಳಲ್ಲಿ ಒಂದು. ಮನೆ ಹಿಡಿದ ದಿನ ಅದು ಯಾವ ಸ್ಥಿತಿಯಲ್ಲಿತ್ತು ಎಂಬುದಕ್ಕೆ ಪುರಾವೆ ಇದೆಯೇ ಇಲ್ಲವೇ ಎಂಬುದರ ಮೇಲೆ ಇಂತಹ ವಿವಾದಗಳ ಫಲಿತಾಂಶ ಬಹುಮಟ್ಟಿಗೆ ನಿಂತಿರುತ್ತದೆ.

ಸ್ವರೂಪ ಮತ್ತು ವಾಡಿಕೆ

ಹೆಸರು ಮುಂಗಡ ಎಂದಿದ್ದರೂ ಇದು ಮುಂದಿನ ತಿಂಗಳುಗಳ ಬಾಡಿಗೆಯಲ್ಲ. ಬಾಡಿಗೆಯನ್ನು ಪ್ರತಿ ತಿಂಗಳೂ ಬೇರೆಯಾಗಿ ಕೊಡಲಾಗುತ್ತದೆ. ಮುಂಗಡ ಹಣವು ಮಾಲೀಕರ ಕೈಯಲ್ಲಿದ್ದರೂ ಅದನ್ನು ಹಿಂದಕ್ಕೆ ಪಡೆಯುವ ಹಕ್ಕು ಬಾಡಿಗೆದಾರರಿಗೆ ಸೇರಿದ್ದು. ಕರಾರಿನಲ್ಲಿ ಬೇರೆ ರೀತಿ ಬರೆಯದಿದ್ದರೆ ಈ ಹಣಕ್ಕೆ ಬಡ್ಡಿ ಕೊಡುವ ವಾಡಿಕೆ ಇಲ್ಲ.

ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯಷ್ಟು ಮುಂಗಡ ಕೇಳುವ ಪದ್ಧತಿ ಬಹುಕಾಲದಿಂದ ರೂಢಿಯಲ್ಲಿದೆ. ಕೆಲವು ಮಾಲೀಕರು ಇದಕ್ಕಿಂತ ಕಡಿಮೆ ಮೊತ್ತಕ್ಕೂ ಒಪ್ಪುತ್ತಾರೆ. ತಿಂಗಳಿಗೆ 12,000 ರೂಪಾಯಿ ಬಾಡಿಗೆಯ ಮನೆಗೆ ಹತ್ತು ತಿಂಗಳ ಲೆಕ್ಕದಲ್ಲಿ 1,20,000 ರೂಪಾಯಿ ಮುಂಗಡ ಬೇಕಾಗುತ್ತದೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಂತಹ ತೆಂಗಿನ ನಾಡಿನಿಂದ ಓದಿಗೋ ಕೆಲಸಕ್ಕೋ ನಗರಕ್ಕೆ ಹೋಗುವ ಕುಟುಂಬಕ್ಕೆ ಇದು ದೊಡ್ಡ ಮೊತ್ತ. ಕೊಬ್ಬರಿ ಮಾರಿದ ಹಣ, ಚಿನ್ನದ ಮೇಲಿನ ಸಾಲ ಅಥವಾ ಕೈಸಾಲದಿಂದ ಹೊಂದಿಸಿದ ಮುಂಗಡವು ಸಕಾಲಕ್ಕೆ ಕೈಸೇರದಿದ್ದರೆ ಮುಂದಿನ ಮನೆಗೆ ಮುಂಗಡ ಕಟ್ಟುವುದು ಕಷ್ಟವಾಗುತ್ತದೆ. ಹಳೆಯ ಮನೆಯ ಹಣ ಬರುವ ಮೊದಲೇ ಹೊಸ ಮನೆಗೆ ಹಣ ಕೊಡಬೇಕಾಗಿರುವುದರಿಂದ ಅನೇಕರು ತಮಗೆ ಬರಬೇಕಾದುದಕ್ಕಿಂತ ಕಡಿಮೆ ಮೊತ್ತಕ್ಕೆ ಒಪ್ಪಿಕೊಳ್ಳುವುದೂ ಉಂಟು.

ಭೋಗ್ಯಕ್ಕೂ ಮುಂಗಡಕ್ಕೂ ಇರುವ ವ್ಯತ್ಯಾಸ

ಕರ್ನಾಟಕದಲ್ಲಿ ಮನೆಯನ್ನು ಭೋಗ್ಯಕ್ಕೆ ಕೊಡುವ ಪದ್ಧತಿಯೂ ಇದೆ. ಇದನ್ನು ನಗರಗಳಲ್ಲಿ ಲೀಸ್ ಎನ್ನುತ್ತಾರೆ. ಇದರಲ್ಲಿ ಮಾಲೀಕರು ಒಂದು ದೊಡ್ಡ ಮೊತ್ತವನ್ನು ಒಟ್ಟಿಗೆ ಪಡೆದು, ತಿಂಗಳ ಬಾಡಿಗೆ ಇಲ್ಲದೆ ಮನೆಯನ್ನು ವಾಸಕ್ಕೆ ಬಿಟ್ಟುಕೊಡುತ್ತಾರೆ. ಅವಧಿ ಮುಗಿದಾಗ ಪೂರ್ತಿ ಮೊತ್ತವನ್ನು ಹಿಂದಿರುಗಿಸುತ್ತಾರೆ. ದಕ್ಷಿಣ ಕೊರಿಯಾದ ಜೊನ್ಸೆ ಪದ್ಧತಿಯೂ ಇದನ್ನೇ ಹೋಲುತ್ತದೆ.

ಕಾನೂನಿನ ದೃಷ್ಟಿಯಲ್ಲಿ ಇವೆರಡೂ ಬೇರೆ ಬೇರೆ. ಭೋಗ್ಯವು 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 58ನೆಯ ಕಲಮಿನಲ್ಲಿ ಹೇಳಲಾದ ಅಡಮಾನದ ಒಂದು ಬಗೆ. ಕೊಟ್ಟ ಹಣ ತೀರುವವರೆಗೆ ಸ್ವತ್ತನ್ನು ತನ್ನ ಸ್ವಾಧೀನದಲ್ಲಿ ಇರಿಸಿಕೊಳ್ಳುವ ಹಕ್ಕು ಭೋಗ್ಯದಾರರಿಗೆ ಇರುತ್ತದೆ. ಆದರೆ ಅದೇ ಅಧಿನಿಯಮದ 59ನೆಯ ಕಲಮಿನ ಪ್ರಕಾರ 100 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಮೊತ್ತದ ಇಂತಹ ಅಡಮಾನಕ್ಕೆ ಇಬ್ಬರು ಸಾಕ್ಷಿಗಳ ಸಹಿಯುಳ್ಳ ನೋಂದಾಯಿತ ಪತ್ರ ಇರಬೇಕು. ನೋಂದಣಿಯಿಲ್ಲದೆ ಛಾಪಾ ಕಾಗದದ ಮೇಲೆ ಬರೆದುಕೊಂಡ ಭೋಗ್ಯದ ಕರಾರು ಈ ರಕ್ಷಣೆಯನ್ನು ಕೊಡುವುದಿಲ್ಲ. ಮನೆ ಮೊದಲೇ ಬ್ಯಾಂಕಿಗೆ ಅಡವಾಗಿದ್ದರೆ ಬ್ಯಾಂಕಿನ ಹಕ್ಕು ಮುಂದೆ ನಿಲ್ಲುತ್ತದೆ. ಆದ್ದರಿಂದ ಭೋಗ್ಯಕ್ಕೆ ಹಣ ಕೊಡುವ ಮುನ್ನ ಉಪನೋಂದಣಾಧಿಕಾರಿ ಕಚೇರಿಯಿಂದ ಋಣಭಾರ ಪ್ರಮಾಣಪತ್ರ ಪಡೆದು ನೋಡುವುದು ರೂಢಿ.

ತಿಂಗಳ ಬಾಡಿಗೆಯ ಮನೆಯಲ್ಲಿ ಸ್ಥಿತಿ ಹಾಗಿಲ್ಲ. ಮುಂಗಡ ಬಂದಿಲ್ಲ ಎಂಬ ಕಾರಣದಿಂದ ಅವಧಿ ಮುಗಿದ ಮೇಲೂ ಮನೆಯಲ್ಲಿ ಉಳಿದರೆ, ಆ ಅವಧಿಗೆ ಮಾಲೀಕರು ಬಾಡಿಗೆ ಅಥವಾ ನಷ್ಟಪರಿಹಾರ ಕೇಳುವ ಸಾಧ್ಯತೆ ಇರುತ್ತದೆ.

ಅನ್ವಯಿಸುವ ಕಾನೂನುಗಳು

ರಾಜ್ಯದಲ್ಲಿ ಬಾಡಿಗೆ ಸಂಬಂಧವನ್ನು ಮೊದಲು 1961ರ ಬಾಡಿಗೆ ನಿಯಂತ್ರಣ ಅಧಿನಿಯಮವು ನಿರ್ದೇಶಿಸುತ್ತಿತ್ತು. ಅದರ ಸ್ಥಾನದಲ್ಲಿ ಕರ್ನಾಟಕ ಬಾಡಿಗೆ ಅಧಿನಿಯಮ, 1999 ಬಂದು, 2001ರ ಡಿಸೆಂಬರ್ 31ರಿಂದ ಜಾರಿಯಾಯಿತು. ಇದರ ಮುಖ್ಯ ಭಾಗಗಳು ಅನುಸೂಚಿಯಲ್ಲಿ ಹೆಸರಿಸಿದ ನಗರ ಮತ್ತು ಪಟ್ಟಣ ಪ್ರದೇಶಗಳಿಗೆ ಸಂಬಂಧಿಸಿವೆ. ಅಲ್ಲಿಯೂ ಅನುಸೂಚಿಯ ಮೊದಲ ಭಾಗದ ಪ್ರದೇಶಗಳಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ, ಉಳಿದ ಪ್ರದೇಶಗಳಲ್ಲಿ 2,000 ರೂಪಾಯಿ ಮೀರಿದ ಬಾಡಿಗೆಯ ಕಟ್ಟಡಗಳನ್ನು ಅಧಿನಿಯಮದಿಂದ ಹೊರಗಿಡಲಾಗಿತ್ತು. ಬಾಡಿಗೆಗಳು ಏರಿದಂತೆ ನಗರದ ಬಹುತೇಕ ಮನೆಗಳು ಇದರ ವ್ಯಾಪ್ತಿಯಿಂದ ಹೊರಗುಳಿದವು.

ಹೀಗೆ ಹೊರಗುಳಿದ ಮನೆಗಳಿಗೆ ಎರಡು ಹಳೆಯ ಕೇಂದ್ರ ಕಾನೂನುಗಳು ಮುಖ್ಯವಾಗಿ ಅನ್ವಯಿಸುತ್ತವೆ. ಅವು ಸ್ವತ್ತು ವರ್ಗಾವಣೆ ಅಧಿನಿಯಮ, 1882 ಮತ್ತು ಭಾರತೀಯ ಕರಾರು ಅಧಿನಿಯಮ, 1872. ಇವೆರಡರಲ್ಲೂ ಮುಂಗಡ ಹಣಕ್ಕೆ ಮಿತಿಯಾಗಲಿ, ಅದನ್ನು ಹಿಂದಿರುಗಿಸಲು ನಿಗದಿತ ದಿನವಾಗಲಿ ಇಲ್ಲ. ಆದ್ದರಿಂದ ಉಭಯ ಪಕ್ಷಗಳು ಬರೆದುಕೊಂಡ ಕರಾರುಪತ್ರವೇ ಮೊದಲ ಆಧಾರವಾಗುತ್ತದೆ.

ಕರಾರುಗಳನ್ನು ಸಾಮಾನ್ಯವಾಗಿ ಹನ್ನೊಂದು ತಿಂಗಳಿಗೆ ಬರೆಯಲಾಗುತ್ತದೆ. ಒಂದು ವರ್ಷಕ್ಕೆ ಮೀರಿದ ಬಾಡಿಗೆ ಕರಾರಿಗೆ ನೋಂದಣಿ ಕಡ್ಡಾಯವಾಗಿರುವುದೇ ಇದಕ್ಕೆ ಕಾರಣ. ತಿಂಗಳ ಬಾಡಿಗೆಯ ಸಂಬಂಧವನ್ನು ಕೊನೆಗೊಳಿಸಲು, ಕರಾರಿನಲ್ಲಿ ಬೇರೆ ಅವಧಿ ಇಲ್ಲದಿದ್ದರೆ, ಮಾಲೀಕರಾಗಲಿ ಬಾಡಿಗೆದಾರರಾಗಲಿ 15 ದಿನಗಳ ಲಿಖಿತ ತಿಳಿವಳಿಕೆ ಕೊಡಬೇಕೆಂದು 106ನೆಯ ಕಲಂ ಹೇಳುತ್ತದೆ. ಬಹುತೇಕ ಕರಾರುಗಳಲ್ಲಿ ಇದನ್ನು ಒಂದು, ಎರಡು ಅಥವಾ ಮೂರು ತಿಂಗಳೆಂದು ಬರೆದಿರುತ್ತಾರೆ. ತಿಳಿವಳಿಕೆ ಕೊಡದೆ ಮನೆ ಬಿಟ್ಟರೆ ಆ ಅವಧಿಯ ಬಾಡಿಗೆಯನ್ನು ಮುಂಗಡದಲ್ಲಿ ಮುರಿದುಕೊಳ್ಳುವ ಬೇಡಿಕೆ ಬರುತ್ತದೆ.

ಯಾವುದನ್ನು ಮುರಿದುಕೊಳ್ಳಬಹುದು

ಸ್ವತ್ತು ವರ್ಗಾವಣೆ ಅಧಿನಿಯಮದ 108ನೆಯ ಕಲಂ ಮಾಲೀಕರು ಮತ್ತು ಬಾಡಿಗೆದಾರರ ಹಕ್ಕು ಬಾಧ್ಯತೆಗಳನ್ನು ಪಟ್ಟಿ ಮಾಡುತ್ತದೆ. ಕರಾರು ಅಥವಾ ಸ್ಥಳೀಯ ವಾಡಿಕೆ ಬೇರೆಯಾಗಿಲ್ಲದಿದ್ದರೆ ಈ ಪಟ್ಟಿ ಅನ್ವಯಿಸುತ್ತದೆ. ಅದರ ಪ್ರಕಾರ ಬಾಡಿಗೆದಾರರು ಮನೆಯನ್ನು ತಾವು ಪಡೆದಾಗ ಇದ್ದಂತಹ ಒಳ್ಳೆಯ ಸ್ಥಿತಿಯಲ್ಲಿಯೇ ಹಿಂದಿರುಗಿಸಬೇಕು. ಆದರೆ ಸಹಜ ಸವೆತದಿಂದ ಅಥವಾ ತಡೆಯಲಾಗದ ಶಕ್ತಿಯಿಂದ ಉಂಟಾದ ಬದಲಾವಣೆಗಳಿಗೆ ಅವರು ಹೊಣೆಯಲ್ಲ.

ವಿವಾದದ ತಿರುಳು ಇರುವುದು ಸಹಜ ಸವೆತಕ್ಕೂ ಹಾನಿಗೂ ನಡುವಿನ ಗೆರೆಯಲ್ಲಿ. ಕಾಲಕ್ರಮದಲ್ಲಿ ಮಾಸಿದ ಸುಣ್ಣಬಣ್ಣ, ಓಡಾಟದಿಂದ ಹೊಳಪು ಕಳೆದುಕೊಂಡ ನೆಲ, ಸವೆದ ನಲ್ಲಿಯ ವಾಷರ್, ಸಡಿಲವಾದ ಬಾಗಿಲ ಚಿಲಕ ಇವು ಸಾಮಾನ್ಯವಾಗಿ ಸವೆತದ ಸಾಲಿಗೆ ಸೇರುತ್ತವೆ. ಒಡೆದ ತೊಟ್ಟಿ, ಬಿರುಕು ಬಿಟ್ಟ ಕಿಟಕಿಯ ಗಾಜು, ಗೋಡೆಯಲ್ಲಿ ಅನುಮತಿಯಿಲ್ಲದೆ ಕೊರೆದ ದೊಡ್ಡ ರಂಧ್ರಗಳು, ಕಿತ್ತುಹೋದ ಸ್ವಿಚ್ಚು ಫಲಕ ಇವು ಹಾನಿಯ ಸಾಲಿನವು. ಬಾಕಿ ಬಾಡಿಗೆ, ವಿದ್ಯುತ್ ಬಿಲ್ಲು, ನೀರಿನ ಶುಲ್ಕಗಳನ್ನು ಮುರಿದುಕೊಳ್ಳುವುದರ ಬಗ್ಗೆ ಹೆಚ್ಚಿನ ತಕರಾರು ಇರುವುದಿಲ್ಲ.

ಬಣ್ಣದ ಖರ್ಚು ಹೆಚ್ಚು ಚರ್ಚೆಗೆ ಒಳಗಾಗುವ ಬಾಬತ್ತು. ಬೆಂಗಳೂರಿನ ಅನೇಕ ಕರಾರುಗಳಲ್ಲಿ ಮನೆ ಬಿಡುವಾಗ ಒಂದು ತಿಂಗಳ ಬಾಡಿಗೆಯನ್ನು ಬಣ್ಣಕ್ಕಾಗಿ ಹಿಡಿದುಕೊಳ್ಳುವ ಷರತ್ತು ಇರುತ್ತದೆ. ಅಂತಹ ಷರತ್ತಿಗೆ ಸಹಿ ಹಾಕಿದ್ದರೆ ಅದು ಕರಾರಿನ ಭಾಗವಾಗುತ್ತದೆ. ಷರತ್ತು ಇಲ್ಲದಿದ್ದಲ್ಲಿ ಮಾಸಿದ ಬಣ್ಣವು ಸಹಜ ಸವೆತ ಎಂಬ ವಾದಕ್ಕೆ 108ನೆಯ ಕಲಂ ಬಲ ಕೊಡುತ್ತದೆ.

ಕರಾರನ್ನು ಮುರಿದರೆ ಮುಂಗಡ ಪೂರ್ತಿ ಜಪ್ತಿಯಾಗುತ್ತದೆ ಎಂದು ಕೆಲವು ಪತ್ರಗಳಲ್ಲಿ ಬರೆದಿರುತ್ತದೆ. ಕರಾರು ಅಧಿನಿಯಮದ 74ನೆಯ ಕಲಮಿನ ಪ್ರಕಾರ, ದಂಡವಾಗಿ ಒಂದು ಮೊತ್ತವನ್ನು ನಮೂದಿಸಿದ್ದರೂ ನ್ಯಾಯಾಲಯವು ಆ ಮೊತ್ತವನ್ನು ಮೀರದಂತೆ ನ್ಯಾಯಸಮ್ಮತ ಪರಿಹಾರವನ್ನು ಮಾತ್ರ ಕೊಡಿಸುತ್ತದೆ. ಠೇವಣಿ ಹಣದ ಜಪ್ತಿಗೂ ಈ ತತ್ತ್ವ ಅನ್ವಯಿಸುತ್ತದೆಂದು ಸರ್ವೋಚ್ಚ ನ್ಯಾಯಾಲಯವು 1963ರ ಫತೇಚಂದ್ ವಿರುದ್ಧ ಬಾಲಕಿಶನ್ ದಾಸ್ ಮತ್ತು 2015ರ ಕೈಲಾಶ್ ನಾಥ್ ಅಸೋಸಿಯೇಟ್ಸ್ ವಿರುದ್ಧ ದೆಹಲಿ ಅಭಿವೃದ್ಧಿ ಪ್ರಾಧಿಕಾರ ಮೊಕದ್ದಮೆಗಳಲ್ಲಿ ಹೇಳಿದೆ. ಇವು ಬಾಡಿಗೆ ಮನೆಯ ಮೊಕದ್ದಮೆಗಳಲ್ಲ. ಆದರೂ ನಷ್ಟವೇ ಆಗದಿರುವಾಗ ಠೇವಣಿಯನ್ನು ಉಳಿಸಿಕೊಳ್ಳಲಾಗದು ಎಂಬ ವಾದಕ್ಕೆ ಇವನ್ನು ಆಧಾರವಾಗಿ ಬಳಸಲಾಗುತ್ತದೆ.

ಒಂದು ಲೆಕ್ಕದ ಉದಾಹರಣೆ

ತುಮಕೂರು ಜಿಲ್ಲೆಯ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಹೋಬಳಿ ಕೇಂದ್ರವಾದ ಕಂದಿಕೆರೆಯಂತಹ ಊರಿನಲ್ಲಿ, ಹಿತ್ತಲಲ್ಲಿ ನಾಲ್ಕು ತೆಂಗಿನ ಮರಗಳಿರುವ ಮನೆಯೊಂದನ್ನು ವರ್ಗವಾಗಿ ಬಂದ ನೌಕರರೊಬ್ಬರು ಬಾಡಿಗೆಗೆ ಹಿಡಿದರೆಂದು ಊಹಿಸಬಹುದು. ಬಾಡಿಗೆ 4,000 ರೂಪಾಯಿ, ಮುಂಗಡ 40,000 ರೂಪಾಯಿ. ಮೂರು ವರ್ಷಗಳ ನಂತರ ಅವರು ಮನೆ ಬಿಟ್ಟಾಗ ಮಾಲೀಕರು ಕೊನೆಯ ತಿಂಗಳ ಬಾಡಿಗೆಗೆ 4,000, ವಿದ್ಯುತ್ ಬಾಕಿಗೆ 600, ಒಡೆದ ಪಾತ್ರೆ ತೊಳೆಯುವ ತೊಟ್ಟಿಗೆ 1,400, ಬಣ್ಣಕ್ಕೆ 12,000, ಬಾಡಿಗೆದಾರರು ಕೀಳಿಸಿಕೊಂಡ ತೆಂಗಿನಕಾಯಿಗೆ 5,000 ಎಂದು ಒಟ್ಟು 23,000 ರೂಪಾಯಿ ಮುರಿದುಕೊಂಡು 17,000 ರೂಪಾಯಿ ಹಿಂದಿರುಗಿಸುತ್ತಾರೆ.

ಮೊದಲ ಮೂರು ಬಾಬತ್ತುಗಳು, ಅಂದರೆ 6,000 ರೂಪಾಯಿ, ನ್ಯಾಯವಾದ ಕಡಿತ. ಹಾಗಾಗಿ 34,000 ರೂಪಾಯಿಯಲ್ಲಿ ನಿಜವಾದ ವಿವಾದ ಉಳಿಯುವುದು 17,000 ರೂಪಾಯಿಯ ಬಗ್ಗೆ. ಬಣ್ಣದ ಷರತ್ತು ಕರಾರಿನಲ್ಲಿ ಇಲ್ಲದಿದ್ದರೆ ಮೂರು ವರ್ಷಗಳಲ್ಲಿ ಮಾಸಿದ ಬಣ್ಣಕ್ಕೆ 12,000 ರೂಪಾಯಿ ಕೇಳುವುದನ್ನು ಬಾಡಿಗೆದಾರರು ಪ್ರಶ್ನಿಸಬಹುದು.

ತೆಂಗಿನಕಾಯಿಯ ವಿಷಯ ಇಷ್ಟು ಸರಳವಲ್ಲ. ಬಾಡಿಗೆದಾರರು ಸ್ವತ್ತನ್ನೂ ಅದರ ಉತ್ಪನ್ನವನ್ನೂ ವಿವೇಕಯುತವಾಗಿ ಬಳಸಬಹುದೆಂದು 108ನೆಯ ಕಲಮಿನಲ್ಲಿದೆ. ಮರ ಕಡಿಯುವ ಅಥವಾ ಮಾರುವ ಹಕ್ಕು ಮಾತ್ರ ಅವರಿಗಿಲ್ಲ. ಅದೇ ಕಲಂ ಸ್ಥಳೀಯ ವಾಡಿಕೆಗೂ ಮನ್ನಣೆ ಕೊಡುತ್ತದೆ. ಊರಿನಲ್ಲಿ ಹಿತ್ತಲ ಮರದ ಫಸಲು ಮಾಲೀಕರದ್ದೇ ಎಂಬ ವಾಡಿಕೆ ಸಾಬೀತಾದರೆ ಉತ್ತರ ಬದಲಾಗುತ್ತದೆ. ಮರದ ಕಾಯಿ ಯಾರಿಗೆ, ಕೀಳಿಸುವ ಕೂಲಿ ಯಾರದ್ದು ಎಂಬ ಒಂದು ಸಾಲು ಕರಾರಿನಲ್ಲಿದ್ದರೆ ಈ ಪ್ರಶ್ನೆಯೇ ಏಳುವುದಿಲ್ಲ.

ದಾಖಲೆ ಮತ್ತು ಪುರಾವೆ

ಮುಂಗಡ ಕೊಟ್ಟದ್ದನ್ನು ಬಾಡಿಗೆದಾರರು ತೋರಿಸಬೇಕು. ಹಾನಿಯಾಗಿದೆ ಎಂಬುದನ್ನು ಹಾಗೆ ಹೇಳುವ ಮಾಲೀಕರು ತೋರಿಸಬೇಕು. ಮನೆಗೆ ಸೇರಿದ ದಿನ ಮತ್ತು ಬಿಟ್ಟ ದಿನದ ಸ್ಥಿತಿಯನ್ನು ಹೋಲಿಸಲು ಸಾಧ್ಯವಾದಾಗ ವಿವಾದ ಬೇಗ ಮುಗಿಯುತ್ತದೆ. ಈ ಉದ್ದೇಶಕ್ಕೆ ಉಪಯೋಗವಾಗುವ ದಾಖಲೆಗಳು ಹೀಗಿವೆ:

- ಮುಂಗಡದ ಮೊತ್ತ, ಹಿಂದಿರುಗಿಸುವ ದಿನ, ಕಡಿತದ ಬಾಬತ್ತುಗಳು ಸ್ಪಷ್ಟವಾಗಿರುವ ಕರಾರುಪತ್ರ
- ಬ್ಯಾಂಕ್ ವರ್ಗಾವಣೆಯ ವಿವರ, ಅಥವಾ ನಗದು ಕೊಟ್ಟಿದ್ದರೆ ಸಹಿ ಮಾಡಿದ ರಸೀದಿ
- ಮನೆಯಲ್ಲಿರುವ ಫ್ಯಾನು, ದೀಪ, ನಲ್ಲಿ, ಗೀಸರ್, ಬೀಗದ ಕೈಗಳ ಪಟ್ಟಿ, ಉಭಯರ ಸಹಿಯೊಂದಿಗೆ
- ಸೇರುವ ದಿನ ಮತ್ತು ಬಿಡುವ ದಿನ ತೆಗೆದ ಛಾಯಾಚಿತ್ರಗಳು
- ಬಿಡುವ ದಿನದ ಮೀಟರ್ ಅಂಕಿ ಮತ್ತು ಕೊನೆಯ ವಿದ್ಯುತ್ ಬಿಲ್ಲು
- ಕೀಲಿಕೈ ಹಿಂದಿರುಗಿಸಿದ ಬಗ್ಗೆ ದಿನಾಂಕ ಸಹಿತ ಬರಹ

ತುಮಕೂರು ಜಿಲ್ಲೆಯೂ ಬೆಂಗಳೂರೂ ಬೆಸ್ಕಾಂ ವ್ಯಾಪ್ತಿಗೆ ಸೇರಿವೆ. ವಿದ್ಯುತ್ ಸಂಪರ್ಕವನ್ನು ಆರ್.ಆರ್. ಸಂಖ್ಯೆಯಿಂದ ಗುರುತಿಸಲಾಗುತ್ತದೆ. ಗೃಹಜ್ಯೋತಿ ಯೋಜನೆಗಾಗಿ ಬಾಡಿಗೆದಾರರು ತಮ್ಮ ಆಧಾರ್ ಸಂಖ್ಯೆಯನ್ನು ಆ ಸಂಖ್ಯೆಗೆ ಜೋಡಿಸಿದ್ದರೆ ಮನೆ ಬಿಡುವಾಗ ಆ ಜೋಡಣೆಯನ್ನು ತೆಗೆಸಬೇಕಾಗುತ್ತದೆ.

ವಾಟ್ಸ್ಆ್ಯಪ್ ಸಂದೇಶ ಹಾಗೂ ಮೊಬೈಲ್ ಚಿತ್ರಗಳು ವಿದ್ಯುನ್ಮಾನ ದಾಖಲೆಗಳೆನಿಸುತ್ತವೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 63ನೆಯ ಕಲಮಿನಂತೆ ಇವುಗಳ ಪ್ರತಿಯನ್ನು ನ್ಯಾಯಾಲಯಕ್ಕೆ ಸಲ್ಲಿಸುವಾಗ ನಿಗದಿತ ಪ್ರಮಾಣಪತ್ರ ಲಗತ್ತಿಸಬೇಕು. ಆದ್ದರಿಂದ ಮೂಲ ಸಂದೇಶಗಳನ್ನು ಅಳಿಸದೆ ಉಳಿಸಿಕೊಳ್ಳುವುದು ಮುಖ್ಯ.

ಬಾಡಿಗೆ ಅವಧಿಯಲ್ಲಿ ಮನೆ ಮಾರಾಟವಾಗುವುದೂ ಉಂಟು. ಹಳೆಯ ಮಾಲೀಕರು ಮುಂಗಡವನ್ನು ಹೊಸ ಮಾಲೀಕರಿಗೆ ವಹಿಸಿದ್ದಾರೆ ಎಂಬ ಬರಹ ಇಲ್ಲದಿದ್ದರೆ ಇಬ್ಬರೂ ಪರಸ್ಪರರತ್ತ ಬೊಟ್ಟು ಮಾಡುವ ಪರಿಸ್ಥಿತಿ ಬರಬಹುದು. ಅಂತಹ ಸಂದರ್ಭದಲ್ಲಿ ಹೊಸ ಮಾಲೀಕರೊಂದಿಗೆ ಮುಂಗಡದ ಮೊತ್ತವನ್ನು ನಮೂದಿಸಿ ಹೊಸ ಕರಾರು ಮಾಡಿಕೊಳ್ಳಲಾಗುತ್ತದೆ.

ಪರಿಹಾರದ ಮಾರ್ಗಗಳು

ಮೊದಲ ಹೆಜ್ಜೆ ಲಿಖಿತ ಬೇಡಿಕೆ. ಕಡಿತದ ಪ್ರತಿ ಬಾಬತ್ತಿಗೂ ಬಿಲ್ಲು ಕೇಳಿ, ಒಪ್ಪುವ ಮೊತ್ತವನ್ನೂ ಒಪ್ಪದ ಮೊತ್ತವನ್ನೂ ಬೇರೆ ಬೇರೆಯಾಗಿ ತಿಳಿಸಿ, ಹಣ ಕೊಡಲು ಒಂದು ಗಡುವು ನೀಡಲಾಗುತ್ತದೆ. ಇದಕ್ಕೆ ಉತ್ತರ ಬಾರದಿದ್ದರೆ ವಕೀಲರ ಮೂಲಕ ನೋಟಿಸು ಕಳುಹಿಸಲಾಗುತ್ತದೆ. ಬಡ್ಡಿಯನ್ನೂ ಕೇಳುವುದಾಗಿ ನೋಟಿಸಿನಲ್ಲಿ ಬರೆದಿದ್ದರೆ, ಬಡ್ಡಿ ಅಧಿನಿಯಮ, 1978ರ ಅಡಿಯಲ್ಲಿ ನ್ಯಾಯಾಲಯವು ನೋಟಿಸಿನ ದಿನದಿಂದ ಬಡ್ಡಿ ಕೊಡಿಸಬಹುದು.

ಎರಡನೆಯ ಮಾರ್ಗ ಲೋಕ ಅದಾಲತ್. ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮ, 1987ರ ಅಡಿಯಲ್ಲಿ ರಚಿತವಾದ ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ದಾವೆ ಹೂಡುವ ಮೊದಲೇ ಅರ್ಜಿ ಸಲ್ಲಿಸಬಹುದು. ಇದಕ್ಕೆ ನ್ಯಾಯಾಲಯ ಶುಲ್ಕವಿಲ್ಲ. ಉಭಯ ಪಕ್ಷಗಳೂ ಒಪ್ಪಿದರೆ ಮಾತ್ರ ರಾಜಿಯಾಗುತ್ತದೆ. ರಾಜಿಯ ಮೇಲೆ ಹೊರಡಿಸಿದ ತೀರ್ಪು ಸಿವಿಲ್ ನ್ಯಾಯಾಲಯದ ಡಿಕ್ರಿಗೆ ಸಮ. ಅದರ ಮೇಲೆ ಮೇಲ್ಮನವಿ ಇಲ್ಲ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಹಾಗೂ ನಿಗದಿತ ಮಿತಿಗಿಂತ ಕಡಿಮೆ ಆದಾಯದವರು ಉಚಿತ ಕಾನೂನು ನೆರವಿಗೆ ಅರ್ಹರು. ರಾಷ್ಟ್ರೀಯ ಸಹಾಯವಾಣಿಯ ಸಂಖ್ಯೆ 15100.

ಮೂರನೆಯದು ಹಣ ವಸೂಲಿಯ ಸಿವಿಲ್ ದಾವೆ. ಇದಕ್ಕೆ ಕಾಲಮಿತಿ ಅಧಿನಿಯಮ, 1963ರಂತೆ ಸಾಮಾನ್ಯವಾಗಿ ಮೂರು ವರ್ಷಗಳ ಅವಧಿಯಿದೆ. ಪ್ರತಿವಾದಿ ವಾಸಿಸುವ ಅಥವಾ ವ್ಯಾಜ್ಯಕಾರಣ ಉಂಟಾದ ಸ್ಥಳದ ನ್ಯಾಯಾಲಯದಲ್ಲಿ ದಾವೆ ಹೂಡಬೇಕು. ಕಂದಿಕೆರೆಯ ಮನೆಯ ವಿವಾದವು ಚಿಕ್ಕನಾಯಕನಹಳ್ಳಿಯ ಸಿವಿಲ್ ನ್ಯಾಯಾಲಯಕ್ಕೆ ಬರುತ್ತದೆ. ಆದರೆ ಬೆಂಗಳೂರಿನ ಮನೆ ಬಿಟ್ಟು ಊರಿಗೆ ಮರಳಿದ ಬಾಡಿಗೆದಾರರು, ಮನೆಯೂ ಮಾಲೀಕರೂ ಬೆಂಗಳೂರಿನಲ್ಲೇ ಇದ್ದರೆ, ಸಾಮಾನ್ಯವಾಗಿ ಅಲ್ಲಿಯೇ ದಾವೆ ನಡೆಸಬೇಕಾಗುತ್ತದೆ. ಓಡಾಟದ ಖರ್ಚು ಮತ್ತು ಕಾಲ ಎರಡೂ ಬರಬೇಕಾದ ಮೊತ್ತಕ್ಕೆ ಹೋಲಿಸಿದರೆ ಹೆಚ್ಚಾಗುವುದರಿಂದ ಸಣ್ಣ ಮೊತ್ತದ ವಿವಾದಗಳು ನ್ಯಾಯಾಲಯ ತಲುಪುವುದು ಕಡಿಮೆ.

ಮುಂಗಡ ಹಿಂದಿರುಗಿಸದಿರುವುದು ಮೂಲತಃ ಸಿವಿಲ್ ಸ್ವರೂಪದ ವಿವಾದ. ಬೇರೆಯವರ ಮನೆಯನ್ನು ತನ್ನದೆಂದು ತೋರಿಸಿ ಮುಂಗಡ ಪಡೆಯುವಂತಹ, ಆರಂಭದಿಂದಲೇ ಮೋಸದ ಉದ್ದೇಶವಿದ್ದ ಸಂದರ್ಭಗಳಲ್ಲಿ ಮಾತ್ರ ಪೊಲೀಸ್ ದೂರಿಗೆ ಆಧಾರವಿರುತ್ತದೆ.

ಮಾದರಿ ಕಾಯ್ದೆ ಮತ್ತು ಇತರ ಪ್ರದೇಶಗಳು

ಕೇಂದ್ರ ಸಚಿವ ಸಂಪುಟವು 2021ರ ಜೂನ್ 2ರಂದು ಮಾದರಿ ಬಾಡಿಗೆ ಕಾಯ್ದೆಗೆ ಒಪ್ಪಿಗೆ ನೀಡಿತು. ಅದರಲ್ಲಿ ವಾಸದ ಮನೆಗೆ ಎರಡು ತಿಂಗಳ, ಇತರ ಕಟ್ಟಡಗಳಿಗೆ ಆರು ತಿಂಗಳ ಬಾಡಿಗೆಯನ್ನು ಮುಂಗಡದ ಗರಿಷ್ಠ ಮಿತಿಯಾಗಿ ಸೂಚಿಸಲಾಗಿದೆ. ಮಾಲೀಕರು ಖಾಲಿ ಮನೆಯನ್ನು ವಹಿಸಿಕೊಳ್ಳುವ ದಿನವೇ ಕಡಿತ ಕಳೆದು ಹಣ ಕೊಡಬೇಕು ಎಂಬ ನಿಯಮವೂ ಇದೆ. ಗೋಡೆಗೆ ಸುಣ್ಣ ಬಳಿಯುವುದು, ಬಾಗಿಲು ಕಿಟಕಿಗಳಿಗೆ ಬಣ್ಣ ಹಚ್ಚುವುದು ಮಾಲೀಕರ ಹೊಣೆಯೆಂದೂ, ಕಿಟಕಿಯ ಗಾಜು, ಸ್ವಿಚ್ಚು, ನಲ್ಲಿಯ ವಾಷರ್ ಬದಲಾವಣೆ ಬಾಡಿಗೆದಾರರ ಹೊಣೆಯೆಂದೂ ಅದರ ಅನುಸೂಚಿ ಹಂಚುತ್ತದೆ. ಬಾಡಿಗೆ ಸಂಬಂಧವು ರಾಜ್ಯಪಟ್ಟಿಯ ವಿಷಯವಾದ್ದರಿಂದ ರಾಜ್ಯಗಳು ಅಳವಡಿಸಿಕೊಂಡಲ್ಲಿ ಮಾತ್ರ ಇದು ಜಾರಿಗೆ ಬರುತ್ತದೆ. ನೆರೆಯ ತಮಿಳುನಾಡು ತನ್ನದೇ ಆದ 2017ರ ಕಾಯ್ದೆಯನ್ನು 2019ರ ಫೆಬ್ರವರಿಯಲ್ಲಿ ಜಾರಿಗೊಳಿಸಿತು. ಬೇರೆ ಕರಾರು ಇಲ್ಲದಿದ್ದರೆ ಅಲ್ಲಿ ಮೂರು ತಿಂಗಳ ಬಾಡಿಗೆ ಮಿತಿ.

ಕೆಲವು ದೇಶಗಳಲ್ಲಿ ಮುಂಗಡವನ್ನು ಮಾಲೀಕರ ಕೈಯಲ್ಲಿ ಬಿಡುವುದಿಲ್ಲ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ ಬಾಂಡ್ ಎಂದು ಕರೆಯುವ ಈ ಹಣಕ್ಕೆ ನಾಲ್ಕು ವಾರಗಳ ಬಾಡಿಗೆಯ ಮಿತಿಯಿದ್ದು, ಅದು ಸರ್ಕಾರಿ ಸಂಸ್ಥೆಯಲ್ಲಿ ಜಮೆಯಾಗಿರುತ್ತದೆ. ಇಂಗ್ಲೆಂಡ್‌ನಲ್ಲಿ 2007ರ ಏಪ್ರಿಲ್‌ನಿಂದ ಮಾನ್ಯತೆ ಪಡೆದ ಠೇವಣಿ ರಕ್ಷಣಾ ಯೋಜನೆಯೊಂದಕ್ಕೆ ಹಣವನ್ನು ಒಳಪಡಿಸುವುದು ಕಡ್ಡಾಯ. ಈಗಿನ ನಿಯಮದಂತೆ ಇದಕ್ಕೆ 30 ದಿನಗಳ ಗಡುವು ಇದೆ. ಜರ್ಮನಿಯಲ್ಲಿ ಮೂರು ತಿಂಗಳ ಬಾಡಿಗೆಯ ಮಿತಿಯಿದ್ದು, ಮಾಲೀಕರು ಅದನ್ನು ತಮ್ಮ ಸ್ವಂತ ಹಣದಿಂದ ಪ್ರತ್ಯೇಕವಾಗಿ ಇರಿಸಬೇಕು.

ಈ ವ್ಯವಸ್ಥೆಗಳಲ್ಲಿ ಮಾಲೀಕರು ಮುಂಗಡವನ್ನು ಸ್ವಂತ ಖರ್ಚಿಗೆ ಬಳಸಿಕೊಳ್ಳುವುದಕ್ಕೆ ತಡೆಯಿರುತ್ತದೆ. ಹಣವು ಮೂರನೆಯವರ ವಶದಲ್ಲಿರುವ ಕಡೆ, ಕಡಿತಕ್ಕೆ ಬಾಡಿಗೆದಾರರು ಒಪ್ಪದಿದ್ದರೆ ಮಾಲೀಕರೇ ತಮ್ಮ ಬೇಡಿಕೆಯನ್ನು ಸಮರ್ಥಿಸಿಕೊಳ್ಳಬೇಕಾಗುತ್ತದೆ. ಕರ್ನಾಟಕದ ವಾಡಿಕೆಯಲ್ಲಿ ಹಣ ಮಾಲೀಕರ ಬಳಿಯೇ ಇರುವುದರಿಂದ, ಅದನ್ನು ಕೇಳಿ ಪಡೆಯುವ ಶ್ರಮ ಮತ್ತು ಖರ್ಚು ಬಾಡಿಗೆದಾರರ ಮೇಲೆ ಬೀಳುತ್ತದೆ.